ದೂರುಗಳಿದ್ದಲ್ಲಿ ಸಂಪರ್ಕಿಸಿ

ಕೆಮ್ಮಿನ ಸಿರಪ್ಪಿನ ಡಬ್ಬಿಯನ್ನು ನೀವು ಎಂದಾದರೂ ಪೂರ್ತಿ ಓದಿದ್ದೀರಾ? ಓದಿರುವುದಿಲ್ಲ. ಕೆಮ್ಮುವವರಿಗೆ ಓದುವಷ್ಟು ಪುರುಸೊತ್ತಿರುವುದಿಲ್ಲ, ಕೆಮ್ಮದವರಿಗೆ ಅದರ ಗೊಡವೆಯಿರುವುದಿಲ್ಲ. ಒಮ್ಮೆ ಓದಿ ನೋಡಿ. ಸಿರಪ್ಪು ಮಾಡಿದವರ ಹೆಸರಿರುತ್ತದೆ, ಮಾರಿದವರ ಹೆಸರಿರುತ್ತದೆ, ಕುಡಿದು ಹೆಚ್ಚುಕಮ್ಮಿಯಾದರೆ ಯಾರಿಗೆ ಹೇಳಬೇಕು ಎನ್ನುವುದೂ ಇರುತ್ತದೆ. ಆದರೆ ಯಾವ ಬದಿಯನ್ನು ಎಲ್ಲಿ ಮಡಚಬೇಕು, ಯಾವ ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಕೂತು ಕಣ್ಣು ಕೆಡಿಸಿಕೊಂಡು ಆ ಡಬ್ಬಿಯನ್ನು ಬರೆದವನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ.

ಈ ಅನ್ಯಾಯವನ್ನು ಜಗತ್ತಿನಲ್ಲಿ ಗಮನಿಸಿದವನು ಒಬ್ಬನೇ ಒಬ್ಬ. ಅನ್ಯಾಯ ಆಗಿದ್ದೂ ಅವನಿಗೇ.

ಅವನನ್ನು ಬೀದಿಯವರೆಲ್ಲ ಡಬ್ಬಣ್ಣ ಎಂದು ಕರೆಯುತ್ತಿದ್ದರು. ರಟ್ಟಿನ ಡಬ್ಬಿಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಡಬ್ಬಿಗಳ ಚಿತ್ರ ಬರೆಯುವುದು ಅವನ ಕೆಲಸ. ಮಾತ್ರೆ, ಮುಲಾಮು, ಕಣ್ಣಿನ ಹನಿ, ಕಿವಿಯ ಹನಿ, ಹೀಗೆ ಮನುಷ್ಯನ ದೇಹಕ್ಕೆ ಬರಬಹುದಾದ ಕಷ್ಟಗಳಿಗೆಲ್ಲ ಅವನು ಡಬ್ಬಿ ಬರೆದಿದ್ದ. ಬೇರೆಯವರು ಶೋಕೇಸಿನಲ್ಲಿ ಗೊಂಬೆಗಳನ್ನು ಇಟ್ಟರೆ ಅವನು ಈ ಖಾಲಿ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದ. ಮನೆಗೆ ಬಂದವರು ಅದನ್ನು ನೋಡಿ, "ಅಯ್ಯೋ, ಯಾರಿಗೆ ಹುಷಾರಿಲ್ಲ?" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು.

ಆ ಪ್ರಶ್ನೆಯನ್ನು ಪ್ರತಿ ಸಲವೂ ಬೇಕೆಂದೇ ಕೇಳುತ್ತಿದ್ದವನು ಅವನ ಭಾವಮೈದ, ಹೆಂಡತಿಯ ತಮ್ಮ. ಸ್ಕೂಟರ್ ಷೋರೂಮಿನಲ್ಲಿ ಮ್ಯಾನೇಜರು. ಅವನ ಹೆಸರು ಅವನ ಅಂಗಿಯ ಜೇಬಿನ ಮೇಲೆ ಒಂದು ಪಟ್ಟಿಯಲ್ಲಿತ್ತು, ಮೇಜಿನ ಮೇಲೆ ಒಂದು ಹಲಗೆಯಲ್ಲಿತ್ತು, ಬಾಗಿಲ ಗಾಜಿನ ಮೇಲೂ ಇತ್ತು. ಭಾನುವಾರ ಅಕ್ಕನ ಮನೆಗೆ ಬರುವಾಗಲೂ ಜೇಬಿನ ಪಟ್ಟಿ ತೆಗೆಯಲು ಅವನಿಗೆ ಮರೆತುಹೋಗುತ್ತಿತ್ತು. ಅದು ಮರೆವಲ್ಲ ಎಂದು ಡಬ್ಬಣ್ಣನಿಗೆ ಖಾತ್ರಿಯಿತ್ತು.

"ಭಾವ, ಇದನ್ನ ನೀವೇ ಬರ್ದಿದ್ದು ಅಂತ ಗುರುತೇನು?" ಎಂದು ಅವನು ಒಂದು ಮುಲಾಮಿನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ. "ನಾಳೆ ನಾನು ಹೋಗಿ, ಇದು ನಾನು ಬರ್ದಿದ್ದು ಅಂದ್ರೆ ಯಾರಾದ್ರೂ ಇಲ್ಲ ಅಂತಾರಾ?"

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವಳು ರವಿಕೆ ಹೊಲಿಯುವವಳು. ತಾನು ಹೊಲಿದ ರವಿಕೆಯನ್ನು ಬಸ್ಸಿನಲ್ಲಿ ದೂರದಿಂದ ಕಂಡರೂ ಗುರುತು ಹಿಡಿಯುವವಳು. ಗಂಡ ಏನಾದರೂ ಬಾಯಿ ಬಿಡುತ್ತಾನೆಂದು ಕಾದಳು. ಡಬ್ಬಣ್ಣ ಡಬ್ಬಿಯನ್ನು ಇಸಿದುಕೊಂಡು ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟ. ಸಾಯುವುದರೊಳಗೆ ಒಂದೇ ಒಂದು ಡಬ್ಬಿಯ ಮೇಲೆ ತನ್ನ ಹೆಸರು ಬರಬೇಕು, ಅದನ್ನು ಈ ಭಾವಮೈದ ಗಟ್ಟಿಯಾಗಿ ಓದಬೇಕು ಎಂದು ಅವನು ಮನಸ್ಸಿನಲ್ಲೇ ಶಪಥ ಮಾಡಿದ್ದು ಆವತ್ತು.

ಅವಕಾಶ ಬಂದದ್ದು ಹಾಡಿನ ಕಂಪನಿಯ ರೂಪದಲ್ಲಿ. ಆ ಕಂಪನಿ ಒಬ್ಬ ಹೊಸ ಪಾಪ್ ಹಾಡುಗಾರ್ತಿಯನ್ನು ತಯಾರು ಮಾಡಿತ್ತು. ತಯಾರು ಮಾಡಿತ್ತು ಎನ್ನುವುದು ಅವರದೇ ಮಾತು. ಅವಳಿಗೆ ಒಂದೇ ಅಕ್ಷರದ ಹೆಸರಿಟ್ಟು ಅದರ ಪಕ್ಕ ಒಂದು ಚುಕ್ಕೆ ಇಟ್ಟಿದ್ದರು. ಅವಳ ಮೊದಲ ಆಲ್ಬಮ್ಮಿಗೆ ಈಗ ಡಬ್ಬಿ ಬೇಕಿತ್ತು.

"ಹಾಡು ಫೋನಲ್ಲೇ ಬರುತ್ತಲ್ರೀ, ಡಬ್ಬಿ ಯಾಕೆ?" ಎಂದು ಪ್ರೆಸ್ಸಿನ ಯಜಮಾನರು ಕೇಳಿದರು. ಬಂದ ಗಿರಾಕಿಯನ್ನು ಓಡಿಸುವಂಥ ಪ್ರಶ್ನೆ ಕೇಳುವುದು ಅವರ ಅಭ್ಯಾಸ.

ಹಾಡಿನ ಕಂಪನಿಯಿಂದ ಬಂದವನು ಅವರ ಕ್ರಿಯೇಟಿವ್ ಹೆಡ್ಡು. ಪ್ರೆಸ್ಸಿನ ಒಳಗೆ ಟ್ಯೂಬ್‌ಲೈಟಿನ ಕೆಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದರಿಂದ ಅವನನ್ನು ಕಪ್ಪುಕನ್ನಡಕ ಎಂದೇ ಕರೆಯೋಣ. "ಅಭಿಮಾನಿಗಳಿಗೆ ಕೈಯಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕು ಸರ್," ಎಂದ ಅವನು. "ಒಳಗೆ ಏನೂ ಇರಲ್ಲ. ಮುಚ್ಚಳದ ಹಿಂದೆ ಒಂದು ಕೋಡ್ ಇರುತ್ತೆ. ಫೋನ್ ಹಿಡಿದ್ರೆ ಹಾಡು ಬರುತ್ತೆ."

ಡಬ್ಬಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಸರ್, ಡಬ್ಬಿ ಬರೆದೋರ ಹೆಸರು ಹಾಕ್ತೀರಾ?"

"ಹಾಡಿನ ಲೋಕ ಸರ್ ಇದು. ಸ್ಟುಡಿಯೋದಲ್ಲಿ ಟೀ ತಂದುಕೊಟ್ಟೋರ ಹೆಸರೂ ಹಾಕ್ತೀವಿ."

ಆ ಸಂಜೆ ಡಬ್ಬಣ್ಣ ನೆಲ ಮುಟ್ಟದೆ ಮನೆಗೆ ಬಂದ. ಹೆಂಡತಿಗೆ ವಿಷಯ ಹೇಳಿದ. ಹೇಳಿ ಸುಮ್ಮನಾಗಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ. ಅವಳು ಕಣ್ಣರಳಿಸಿ, "ನಿಮ್ಮನ್ನೇ ಹುಡುಕ್ಕೊಂಡು ಬಂದ್ರಾ?" ಎಂದು ಕೇಳಿಬಿಟ್ಟಳು. ಅಷ್ಟು ಆಸೆಯಿಂದ ಕೇಳಿದವಳಿಗೆ ಇಲ್ಲ ಎನ್ನುವುದು ಹೇಗೆ?

"ಆ ಹುಡುಗಿಯೇ, ಬರೆದ್ರೆ ಅವ್ರೇ ಬರೀಬೇಕು ಅಂತ ಹಟ ಹಿಡಿದಳಂತೆ," ಎಂದ.

ಹೆಂಡತಿ ತಮ್ಮನಿಗೆ ಫೋನು ಮಾಡಿದಳು. ತಮ್ಮ ಷೋರೂಮಿನಲ್ಲಿ ಸ್ಕೂಟರು ಕೊಳ್ಳಲು ಬಂದವರಿಗೆಲ್ಲ ಹೇಳಿದ. ಭಾನುವಾರದ ಹೊತ್ತಿಗೆ ಆ ಹುಡುಗಿ ಡಬ್ಬಣ್ಣ ಡಬ್ಬಿ ಬರೆಯುವ ತನಕ ಬಾಯಿ ತೆರೆದು ಹಾಡುವುದಿಲ್ಲವೆಂದು ಊಟ ತಿಂಡಿ ಬಿಟ್ಟು ಕೂತಿದ್ದಾಳೆ ಎನ್ನುವಲ್ಲಿಗೆ ಸುದ್ದಿ ಬಂದು ಮುಟ್ಟಿತ್ತು. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಬಾಗಿಲು ತಟ್ಟಿ, "ಪಾಪ, ಬೇಗ ಬರೆದು ಕೊಟ್ಬಿಡಿ. ವಯಸ್ಸಿನ ಹುಡುಗಿ, ಆರೋಗ್ಯ ಕೆಟ್ಟೀತು," ಎಂದು ಬುದ್ಧಿ ಹೇಳಿ ಹೋದರು.

ಡಬ್ಬಣ್ಣ ಬರೆಯಲು ಕೂತ. ಕಂಪನಿಯವರು ಕೊಟ್ಟ ಹುಡುಗಿಯ ಫೋಟೋ ಒಂದಿತ್ತು. ಅದನ್ನು ಎಷ್ಟು ಉಜ್ಜಿ ತೊಳೆದಿದ್ದರೆಂದರೆ ಅದರಲ್ಲಿ ಮೂಗಿನ ತೂತುಗಳ ಹೊರತು ಮುಖದ ಗುರುತೇನೂ ಉಳಿದಿರಲಿಲ್ಲ. ಡಬ್ಬಣ್ಣ ಅದನ್ನೇ ನೋಡಿ ನೋಡಿ ಮುಖ ಬರೆದ. ಕೂದಲನ್ನು ನದಿ ಮಾಡಿದ. ನದಿಯಲ್ಲಿ ದೋಣಿಗಳನ್ನು ಬಿಟ್ಟ. ದೋಣಿಗಳಲ್ಲಿ ಕಿಟಕಿ, ಕಿಟಕಿಗಳಲ್ಲಿ ದೀಪ.

"ತಲೆಕೂದಲಲ್ಲಿ ದೋಣಿ ಯಾಕ್ರೀ?" ಎಂದಳು ಹೆಂಡತಿ.

"ಅದು ಭಾವನೆ."

ಬಲಗಡೆ ಕೆಳಮೂಲೆಯಲ್ಲಿ ಸಾಸಿವೆಕಾಳಿನಷ್ಟು ಸಣ್ಣದಾಗಿ ತನ್ನ ಹೆಸರು ಬರೆದ. ಮರುದಿನ ನೋಡಿದಾಗ ಅದು ಕಾಣಿಸುವುದಿಲ್ಲವೆನ್ನಿಸಿ ಸ್ವಲ್ಪ ದೊಡ್ಡದು ಮಾಡಿದ. ಅದರ ಮರುದಿನ ಇನ್ನಷ್ಟು. ಕೊನೆಗೆ ಹೆಸರಿಗೆ ಜಾಗ ಸಾಲದೆ ಒಂದು ದೋಣಿಯನ್ನು ತೆಗೆಯಬೇಕಾಯಿತು.

ಇಲ್ಲಿ ಪ್ರೆಸ್ಸಿನ ಒಂದು ಪದ್ಧತಿಯನ್ನು ಹೇಳಲೇಬೇಕು. ಹೊಸ ಡಬ್ಬಿ ಮಾಡುವಾಗ ಮೊದಲು ಅಳತೆಗೆಂದು ಒಂದು ಡಮ್ಮಿ, ಅಂದರೆ ಮಾದರಿ ಡಬ್ಬಿ, ಮಾಡುತ್ತಾರೆ. ಡಮ್ಮಿಯ ಯಾವ ಬದಿಯನ್ನೂ ಖಾಲಿ ಬಿಡುವಂತಿಲ್ಲ, ಏಕೆಂದರೆ ಖಾಲಿ ಜಾಗ ಕಂಡರೆ ಗಿರಾಕಿಗೆ ಕೈ ತುರಿಸುತ್ತದೆ. ಆದ್ದರಿಂದ ಹಳೆಯ ಯಾವುದೋ ಡಬ್ಬಿಯ ಬರಹವನ್ನೇ ತುಂಬುವುದು. ದೂರುಗಳಿದ್ದಲ್ಲಿ ಸಂಪರ್ಕಿಸಿ ಎನ್ನುವ ಕಡೆ ಮಾತ್ರ ಡಮ್ಮಿ ಮಾಡಿದವನು ತನ್ನ ಹೆಸರು, ತನ್ನ ಮೊಬೈಲ್ ನಂಬರು ಹಾಕುವುದು. ಕತ್ತರಿಸುವವರಿಗೋ ಅಂಟಿಸುವವರಿಗೋ ಅನುಮಾನ ಬಂದರೆ ಅವನನ್ನು ಕೇಳಬಹುದು ಎಂದು. ಹಾಡಿನ ಡಬ್ಬಿಯ ಅಳತೆಗೆ ಹತ್ತಿರವಿದ್ದದ್ದು ಕಿವಿಯ ಹನಿಯ ದೊಡ್ಡ ಡಬ್ಬಿ. ಡಬ್ಬಣ್ಣ ಬಿಳಿ ರಟ್ಟಿನಲ್ಲಿ ಅದರದೇ ಡಮ್ಮಿ ಮಾಡಿ, ಮುಂದುಗಡೆ ಔಷಧದ ಹೆಸರಿದ್ದಲ್ಲಿ ಹುಡುಗಿಯ ಒಂದಕ್ಷರ ಮತ್ತು ಚುಕ್ಕೆ ಕೂರಿಸಿ, ಚಿತ್ರದ ಜೊತೆಗೆ ಚೀಲಕ್ಕೆ ಹಾಕಿಕೊಂಡು ಹೊರಟ.

ಹಾಡಿನ ಕಂಪನಿಯ ಆಫೀಸಿನಲ್ಲಿ ಗೋಡೆಗಳೆಲ್ಲ ಗಾಜು, ಕುರ್ಚಿಗಳಿಗೆ ಬೆನ್ನೇ ಇಲ್ಲ. ಡಬ್ಬಣ್ಣ ಒಂದು ಗಾಜಿಗೆ ಹಣೆ ಗಟ್ಟಿಸಿಕೊಂಡು ಒಳಗೆ ಹೋದ. ಕಪ್ಪುಕನ್ನಡಕ ಮತ್ತು ಅವನ ಮಾತಿಗೆಲ್ಲ ತಲೆಯಾಡಿಸುವ ಕೆಲವರು ಮೇಜಿನ ಸುತ್ತ ಕೂತಿದ್ದರು. ಮೂಲೆಯಲ್ಲಿ ಟೋಪಿ ಹಾಕಿಕೊಂಡ ಒಬ್ಬಳು ಹುಡುಗಿ ನೆಲದ ಮೇಲೆ ಕೂತಿದ್ದಳು. ಡಬ್ಬಣ್ಣನಿಗೆ ಬಾಯಿ ಒಣಗಿತ್ತು. "ಸ್ವಲ್ಪ ನೀರು ಕೊಡಮ್ಮ," ಎಂದು ಅವಳನ್ನು ಕೇಳಿದ. ಅವಳು ಎದ್ದು ಹೋಗಿ ತಂದುಕೊಟ್ಟಳು.

ಚೀಲದಿಂದ ಚಿತ್ರ ತೆಗೆಯಲು ಅಡ್ಡವಾಯಿತೆಂದು ಅವನು ಡಮ್ಮಿಯನ್ನು ಮೊದಲು ಹೊರಗಿಟ್ಟ. ಕಪ್ಪುಕನ್ನಡಕ ಅದನ್ನು ಎತ್ತಿಕೊಂಡ. ಓದತೊಡಗಿದ.

"ಕಿವಿಗೆ ಮಾತ್ರ. ನುಂಗಬಾರದು."

ಆಡುತ್ತಿದ್ದ ತಲೆಗಳು ನಿಂತವು.

"ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ. ಮಂಪರು ಬಂದಲ್ಲಿ ವಾಹನ ಚಲಾಯಿಸಬೇಡಿ. ಉರಿ ಹೆಚ್ಚಾದರೆ ಬಳಕೆ ನಿಲ್ಲಿಸಿ." ಅವನು ಕನ್ನಡಕ ತೆಗೆದ. ಅವನಿಗೂ ಎಲ್ಲರಂತೆ ಎರಡು ಕಣ್ಣುಗಳಿದ್ದವು, ಅವು ಒದ್ದೆಯಾಗಿದ್ದವು. "ದೂರುಗಳಿದ್ದಲ್ಲಿ ಸಂಪರ್ಕಿಸಿ... ಇದ್ಯಾರ ಹೆಸರು?"

"ನಂದೇ ಸರ್. ಅದು ಸುಮ್ನೆ..."

"ಸುಮ್ನೆ ಅಲ್ಲ ಸರ್! ಪ್ರೀತಿ ಮೋಸ ಮಾಡಿದ್ರೆ ಯಾರಿಗೆ ದೂರು ಹೇಳೋದು? ಯಾರೋ ಒಬ್ಬನಿಗೆ! ಯಾರೂ ಅಲ್ಲದ ಒಬ್ಬನಿಗೆ! ಎಂಥಾ ಕಾನ್ಸೆಪ್ಟ್!"

"ಸರ್, ಅದು ಅಳತೆಗೆ ತಂದಿದ್ದು. ನಿಜವಾದ್ದು ಇಲ್ಲಿದೆ," ಎಂದು ಡಬ್ಬಣ್ಣ ತೊದಲುತ್ತ ದೋಣಿಗಳ ಚಿತ್ರವನ್ನು ಮೇಜಿನ ಮೇಲೆ ಹರಡಿದ.

ಎಲ್ಲರೂ ನೋಡಿದರು. ಯಾರದೋ ಮನೆಯಲ್ಲಿ ಕೆಟ್ಟ ಸುದ್ದಿ ಬಂದಾಗ ನೋಡುವ ಹಾಗೆ ನೋಡಿದರು.

"ಇದನ್ನ ಒಳಗಿಡಿ ಸರ್," ಎಂದ ಕಪ್ಪುಕನ್ನಡಕ ಮೆತ್ತಗೆ. "ಡಬ್ಬಿ ಹೀಗೇ ಇರ್ಲಿ. ಒಂದು ಚುಕ್ಕೆ ಆಚೀಚೆ ಆಗ್ಬಾರದು."

ಒಂದು ಚುಕ್ಕೆಯೂ ಆಚೀಚೆ ಆಗಲಿಲ್ಲ. ಅಚ್ಚಿಗೆ ಹೋಗುವ ಮುನ್ನ ಮುಚ್ಚಳದ ಒಳಬದಿಗೆ ಹೆಸರುಗಳು ಬಂದವು. ಕಲ್ಪನೆ, ವಿನ್ಯಾಸ, ಅಕ್ಷರ, ದೃಷ್ಟಿ, ಎಲ್ಲವೂ ಕಪ್ಪುಕನ್ನಡಕನದೇ. ಟೀ ತಂದುಕೊಟ್ಟವರ ಹೆಸರೂ ಇತ್ತು. ಡಬ್ಬಣ್ಣ ಫೋನು ಮಾಡಿ, ಎರಡು ಸಲ ಕೆಮ್ಮಿ, ತನ್ನ ಹೆಸರಿನ ಮಾತೆತ್ತಿದ.

"ನಿಮ್ಮ ಹೆಸರು ಇದೆಯಲ್ಲ ಸರ್!" ಕಪ್ಪುಕನ್ನಡಕನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹೊರಗಡೆ ಇದೆ, ಫೋನ್ ನಂಬರ್ ಸಮೇತ ಇದೆ. ನಂದು ಒಳಗಡೆ, ನಂಬರೂ ಇಲ್ಲ. ನಾನು ಬೇಜಾರು ಮಾಡ್ಕೊಂಡಿದೀನಾ?"

ಅಚ್ಚಾದ ಮೊದಲ ಡಬ್ಬಿ ಮನೆಗೆ ಬಂದ ಭಾನುವಾರ ಭಾವಮೈದ ಬಂದ, ಗುಮಾಸ್ತರೂ ಬಂದರು. ಭಾವಮೈದ ಡಬ್ಬಿಯನ್ನು ಎಲ್ಲ ಕಡೆ ತಿರುಗಿಸಿ, ಹಿಂಬದಿಗೆ ಬಂದು, ಗಟ್ಟಿಯಾಗಿ ಡಬ್ಬಣ್ಣನ ಹೆಸರು ಓದಿದ. ಇನಿಷಿಯಲ್ ಸಮೇತ ಓದಿದ. ಓದಿ ಮುಗಿಸಿ ತನ್ನ ಜೇಬಿನ ಮೇಲಿನ ಪಟ್ಟಿಯನ್ನು ತಾನೇ ಒಮ್ಮೆ ಮುಟ್ಟಿ ನೋಡಿಕೊಂಡ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಬ್ಬಣ್ಣನ ಜೀವನದಲ್ಲಿ ಅಷ್ಟು ಸುಖದ ಗಳಿಗೆ ಇನ್ನೊಂದು ಬರಲಿಲ್ಲ. ಅದು ಬಹಳ ಹೊತ್ತು ಉಳಿಯಲೂ ಇಲ್ಲ.

ಗುಮಾಸ್ತರು ಕೋರ್ಟಿನಲ್ಲಿ ದುಡಿದವರು. ಬಸ್ ಟಿಕೆಟಿನ ಹಿಂಬದಿಯನ್ನೂ ಓದದೆ ಬಿಡದವರು. ಅವರು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, "ಹೆಸರಿನ ಮೇಲೆ ಒಂದು ಸಾಲಿದೆಯಲ್ಲ. ದೂರುಗಳಿದ್ದಲ್ಲಿ ಸಂಪರ್ಕಿಸಿ," ಎಂದರು. "ಯಾರ ಮೇಲೆ ದೂರು?"

"ಅದು... ಈಗಿನ ಪದ್ಧತಿ," ಎಂದ ಡಬ್ಬಣ್ಣ. "ಮುಖ್ಯ ಕಲಾವಿದರನ್ನ ಹಾಗೇ ಹಾಕೋದು."

"ಓಹೋ," ಎಂದರು ಗುಮಾಸ್ತರು. ಓಹೋ ಎನ್ನುವುದನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದರು.

ಆಲ್ಬಮ್ಮು ಹೊರಬಂದ ದಿನ ಮೊದಲ ಫೋನು ಬಂತು. "ಡಬ್ಬಿ ಒಳಗೆ ಏನೂ ಇಲ್ಲ ಕಣ್ರೀ!" ಎಂದಿತು ಒಂದು ಗಂಡಸಿನ ದನಿ. ಏನೂ ಇರುವುದಿಲ್ಲ ಎಂದು ಡಬ್ಬಣ್ಣ ತಾಳ್ಮೆಯಿಂದ ವಿವರಿಸಿದ. "ಏನೂ ಇಲ್ಲದ್ದಕ್ಕೆ ಡಬ್ಬಿ ಮಾಡೋನು ನೀನೆಂಥಾ ಮನುಷ್ಯ?" ಎಂದು ಆ ದನಿ ಬೈದಿತು. ಆಮೇಲೆ ಫೋನು ಕೆಳಗಿಡುವಂತೆಯೇ ಇರಲಿಲ್ಲ. ಹಾಡಿನಲ್ಲಿ ಬರೀ ಓ ಎನ್ನುವುದೇ ಇದೆ ಎಂದು ಒಬ್ಬರು. ಮಗಳು ಅದನ್ನೇ ಹಾಕಿಕೊಂಡು ಓದುವುದು ಬಿಟ್ಟಿದ್ದಾಳೆ ಎಂದು ಇನ್ನೊಬ್ಬರು. ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿದರೂ ಅತ್ತೆಯ ಕಿವಿಗೆ ಒಂದು ಹನಿಯೂ ಬೀಳಲಿಲ್ಲ ಎಂದು ಒಬ್ಬ ಸೊಸೆ. ಮೆಡಿಕಲ್ ಸ್ಟೋರಿನವನೊಬ್ಬ ಡಬ್ಬಿಗಳನ್ನು ಹತ್ತಿಯ ಪಕ್ಕ ಜೋಡಿಸಿಟ್ಟು, ಯಾವುದಕ್ಕೆ ಕೊಡುವುದು ಎಂದು ವಿಚಾರಿಸಿದ.

ಯಜಮಾನರು ಕೈ ತೊಳೆದುಕೊಂಡರು. "ನಂಬರ್ ಪ್ರೆಸ್ಸಿಂದಾ? ಅಲ್ವಲ್ಲ. ನಿಮ್ಮದು ತಾನೆ?" ಎಂದರು. ಕಪ್ಪುಕನ್ನಡಕ ಹಿಗ್ಗಿ ಹೀರೇಕಾಯಿಯಾಗಿದ್ದ. "ಎತ್ತಿ ಸರ್, ಪ್ರತಿ ಫೋನೂ ಎತ್ತಿ! ಜನ ಅದನ್ನ ರೆಕಾರ್ಡ್ ಮಾಡಿ ಎಲ್ಲಾ ಕಡೆ ಹಾಕ್ತಿದಾರೆ!"

ಹೀಗೆ ಡಬ್ಬಣ್ಣನ ಕಷ್ಟ ಜನರಿಗೆ ಮೋಜಾಯಿತು. ಸ್ವಲ್ಪ ದಿನಕ್ಕೆ ಹಾಡು ಕೇಳದವರೂ ಫೋನು ಮಾಡತೊಡಗಿದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಗಂಡ ಮಾತಾಡುತ್ತಿಲ್ಲ, ಬಸ್ಸು ನಿಲ್ಲಿಸುತ್ತಿಲ್ಲ. ದೂರು ಕೇಳಲೆಂದೇ ಒಬ್ಬ ಮನುಷ್ಯ ಎಲ್ಲೋ ಕೂತಿದ್ದಾನೆ, ಅವನು ಫೋನು ಎತ್ತುತ್ತಾನೆ ಎನ್ನುವುದೇ ಜನರಿಗೆ ಹೊಸ ಸಂಗತಿ. ಡಬ್ಬಣ್ಣ ಕೆಲಸಕ್ಕೆ ಹೋಗುವಾಗ ಫೋನನ್ನು ಮನೆಯಲ್ಲಿ ಬಿಟ್ಟು ಹೋಗತೊಡಗಿದ. ಹೆಂಡತಿ ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ರವಿಕೆಗೆ ಕೊಕ್ಕೆ ಹಚ್ಚುತ್ತ, "ಹೂಂ ಹೇಳಿ, ನಿಮ್ಮ ದೂರು ತಲುಪಿದೆ," ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. ಬಹಳ ಜನಕ್ಕೆ ಅಷ್ಟೇ ಬೇಕಾಗಿತ್ತು. ಒಂದು ದಿನ ಮೆಟ್ಟಿಲಿನ ಬಲ್ಬು ಹೋಗಿದೆ ಎಂದು ದೂರು ಬಂತು. ಅದೇ ದನಿ ಗೋಡೆಯ ಆಚೆಯಿಂದಲೂ ಕೇಳಿಸುತ್ತಿತ್ತು. ಗುಮಾಸ್ತರು ಕಾನೂನು ಪ್ರಕಾರ ಬಂದಿದ್ದರು.

"ನೋಡಿ," ಎಂದಳು ಹೆಂಡತಿ ಒಂದು ಸಂಜೆ. ಅವಳ ದನಿ ಗಂಟಲು ಕಟ್ಟಿ ಗೊಗ್ಗರಾಗಿತ್ತು. "ನಿಮ್ಮ ಹೆಸರು ಬಂದಿದ್ದು ಒಂದೇ ಒಂದು ಕಡೆ. ಅದನ್ನೂ ನೀವೇ ಹಾಕ್ಕೊಂಡಿದ್ದು. ಬೇರೆ ಯಾರೂ ಹಾಕಿಲ್ಲ."

ಡಬ್ಬಣ್ಣ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿಕೊಂಡ.

ಆಮೇಲೆ ಬಂದವರು ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ. ಚೀಲದಿಂದ ಪುಟ್ಟ ತಕ್ಕಡಿ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟರು. ಡಬ್ಬಿಯನ್ನು ತೂಗಿದರು, ಬಿಚ್ಚಿ ಒಳಗೆ ನೋಡಿದರು, ಮತ್ತೆ ತೂಗಿದರು.

"ಒಳಗಿನ ಮಾಲಿನ ತೂಕ ಹಾಕಿಲ್ಲ," ಎಂದರು.

"ಒಳಗೆ ಮಾಲಿಲ್ಲ ಸರ್."

"ಹಾಗಾದ್ರೆ ಸೊನ್ನೆ ಅಂತ ಹಾಕ್ಬೇಕಿತ್ತು."

"ಹಾಡಿದೆ ಸರ್ ಅದರಲ್ಲಿ."

"ಹಾಗಾದ್ರೆ ಹಾಡಿನ ತೂಕ ಹಾಕ್ಬೇಕಿತ್ತು." ಅಧಿಕಾರಿ ಡಬ್ಬಿಯ ತಳಭಾಗ ಓದಿದರು. ಕಿವಿಯ ಹನಿಯ ಹಳೆಯ ತಾರೀಖು ಅಲ್ಲಿ ಹಾಗೆಯೇ ಇತ್ತು. "ಅವಧಿ ಮುಗಿದಿದೆ. ಅವಧಿ ಮುಗಿದ ಮಾಲು ಮಾರಾಟ, ಅದು ಬೇರೆ ಕಲಮು."

"ಹಾಡಿಗೆ ಅವಧಿ ಮುಗಿಯುತ್ತಾ ಸರ್?"

"ನಾನೂ ಕೇಳಿದೆ. ಮುಗಿದ ಹಾಗೇ ಇದೆ." ಅವರು ನೋಟೀಸು ಬರೆಯಲು ಶುರು ಮಾಡಿದರು. "ಡಬ್ಬಿ ತಯಾರು ಮಾಡಿದ್ದು ನೀವೇ?"

ಡಬ್ಬಣ್ಣ ನೆಟ್ಟಗೆ ಕೂತ. "ಏನಂದ್ರಿ ಸರ್?"

"ಈ ಡಬ್ಬಿ ಮಾಡಿದೋರು ನೀವೇ ತಾನೆ? ಹೊರಗಡೆ ಇರೋದು ನಿಮ್ಮೊಬ್ಬರದೇ ಹೆಸರು. ನಮ್ಮ ಇಲಾಖೆ ಪ್ರಕಾರ ಇದು ನಿಮ್ಮದೇ."

"ಹಾಗಂತ ಬರೀತೀರಾ ಸರ್? ಇದನ್ನ ಮಾಡಿದ್ದು ಇವ್ರೇ ಅಂತ?"

"ಬರೀದೆ ನೋಟೀಸ್ ಹೇಗೆ ಕೊಡ್ಲಿ?"

ಸರ್ಕಾರದ ಮೊಹರಿನ ಕೆಳಗೆ ಆ ಡಬ್ಬಿಯ ಕರ್ತೃ ಡಬ್ಬಣ್ಣನೇ ಎಂದು ಬರೆದುಕೊಟ್ಟವರು ಅವರೊಬ್ಬರೇ. ಡಬ್ಬಣ್ಣ ನೋಟೀಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅಧಿಕಾರಿಗೆ ಟೀ ಕೊಟ್ಟ, ಬಾಗಿಲ ತನಕ ಬಂದು ಬೀಳ್ಕೊಟ್ಟ. ನೋಟೀಸಿಗೆ ಕಟ್ಟು ಹಾಕಿಸಿ ಶೋಕೇಸಿನಲ್ಲಿ ಡಬ್ಬಿಯ ಪಕ್ಕ ಇಟ್ಟ. ಕಂಪನಿಯ ವಕೀಲರು ಹೋಗಿ ಅದೇನೋ ಮಾಡಿ ಕೇಸನ್ನು ಮುಗಿಸಿಬಿಟ್ಟರು ಎಂದು ತಿಳಿದಾಗ ಅವನಿಗೆ ಬೇಸರವೇ ಆಯಿತು.

ಆ ವರ್ಷದ ಒಳ್ಳೆಯ ವಿನ್ಯಾಸವೆಂದು ಡಬ್ಬಿಗೆ ಪ್ರಶಸ್ತಿ ಬಂತು. ಸಮಾರಂಭಕ್ಕೆ ಡಬ್ಬಣ್ಣನನ್ನು ಯಾರೂ ಕರೆಯಲಿಲ್ಲ. ಭಾವಮೈದನೇ ತನ್ನ ಫೋನಿನಲ್ಲಿ ಅದರ ನೇರಪ್ರಸಾರ ಹಚ್ಚಿ ಶೋಕೇಸಿಗೆ ಒರಗಿಸಿ ನಿಲ್ಲಿಸಿದ. ಎಲ್ಲರೂ ಅದರ ಮುಂದೆ ಕೂತರು, ಗುಮಾಸ್ತರು ಕುರ್ಚಿ ತಂದುಕೊಂಡು ಕೂತರು. ಕಪ್ಪುಕನ್ನಡಕ ವೇದಿಕೆ ಹತ್ತಿದ. ಅಮ್ಮನನ್ನು ನೆನೆದ, ಸ್ವಲ್ಪ ಅತ್ತ. ನಿರೂಪಕಿ ಕೇಳಿದಳು: "ದೂರು ಕೇಳೋ ಆ ಮನುಷ್ಯ, ಅವರು ನಿಜವಾಗಿಯೂ ಇದ್ದಾರಾ?"

ಹೆಂಡತಿ ಡಬ್ಬಣ್ಣನ ಮೊಣಕೈ ಹಿಡಿದುಕೊಂಡಳು.

ಕಪ್ಪುಕನ್ನಡಕ ಮುಗುಳ್ನಕ್ಕ. "ಇಲ್ಲ. ಅದು ನಾನು ಕಲ್ಪಿಸಿಕೊಂಡ ಪಾತ್ರ. ಆ ಹೆಸರು ಕೂಡ ನಾನೇ ಇಟ್ಟಿದ್ದು. ಎಷ್ಟು ಸಪ್ಪೆ ಹೆಸರು ಬೇಕು ಅಂತ ಬಹಳ ಯೋಚನೆ ಮಾಡಿದ್ದೆ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಭಾವಮೈದ ಫೋನು ಆರಿಸಿದ. ಜೇಬಿನ ಮೇಲಿನ ಹೆಸರಿನ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡ. ಅವನು ತಮಾಷೆ ಮಾಡಿದ್ದರೆ ಡಬ್ಬಣ್ಣನಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಕೇಸು ಹಾಕ್ಬಹುದು," ಎಂದರು ಗುಮಾಸ್ತರು. "ಆದ್ರೆ ನೀವು ಇದೀರಿ ಅಂತ ಮೊದಲು ನೀವೇ ಸಾಬೀತು ಮಾಡ್ಬೇಕಾಗುತ್ತೆ."

ಮರುದಿನ ರಜೆ. ಡಬ್ಬಣ್ಣ ಹಲ್ಲುಜ್ಜುತ್ತಿರುವಾಗಲೇ ಫೋನು ಬಂತು. ಎತ್ತಿ, ಅಭ್ಯಾಸಬಲದಿಂದ, "ಹೂಂ ಹೇಳಿ," ಎಂದ.

"ಸರ್, ನೀವು ನಿಜವಾಗ್ಲೂ ಇದೀರಾ?" ಹುಡುಗಿಯೊಬ್ಬಳ ದನಿ. "ನಿನ್ನೆ ಅವ್ರು ಇಲ್ಲ ಅಂದ್ರು. ಅದಕ್ಕೇ ನೋಡೋಣ ಅಂತ ಮಾಡ್ದೆ."

"ಇದೀನಮ್ಮ. ಏನು ದೂರು?"

"ಡಬ್ಬಿ ಮೇಲೆ ನನ್ನ ಹೆಸರಿಲ್ಲ ಸರ್."

ಡಬ್ಬಣ್ಣ ಬಾಯಲ್ಲಿದ್ದ ನೊರೆ ಉಗಿದ. "ನಿಮ್ಮ ಹೆಸರು ಯಾಕಮ್ಮ ಇರುತ್ತೆ? ನೀವು ಯಾರು?"

"ಹಾಡಿದ್ದು ನಾನೇ." ಅವಳೇ ಮುಂದುವರಿಸಿದಳು. "ಒಂದಕ್ಷರ, ಒಂದು ಚುಕ್ಕೆ, ಅದು ಕಂಪನಿದು ಸರ್. ನಾನು ಬಿಟ್ಟು ಹೋದ್ರೆ ಬೇರೆ ಯಾರಿಗಾದ್ರೂ ಇಡ್ತಾರಂತೆ. ಮುಖಾನೂ ಹಾಕಿಲ್ಲ. ನಮ್ಮಮ್ಮನಿಗೆ ಒಂದು ಡಬ್ಬಿ ಕಳಿಸಿದ್ದೆ. ಅವ್ರು ತಿರುಗಿಸಿ ತಿರುಗಿಸಿ ನೋಡಿ, ಇದು ನೀನೇ ಅಂತ ಗುರುತೇನು ಅಂದ್ರು. ಪಕ್ಕದ ಮನೆಯವ್ರಿಗೆ ತೋರಿಸೋಕೂ ಆಗ್ಲಿಲ್ಲ ಅವ್ರಿಗೆ."

ಡಬ್ಬಣ್ಣ ಶೋಕೇಸಿನ ಕಡೆ ನೋಡಿದ.

"ಅವತ್ತು ಆಫೀಸಲ್ಲಿ ನೀವು ನೀರು ಕೇಳಿದ್ರಿ ಸರ್," ಎಂದಳು ಹುಡುಗಿ. "ನಾನೇ ತಂದುಕೊಟ್ಟಿದ್ದು. ನೀವು ಬರೆದ ಚಿತ್ರ ನೋಡಿದ್ದೆ. ದೋಣಿ ಚೆನ್ನಾಗಿತ್ತು. ಮುಖ ಮಾತ್ರ ನಂದಲ್ಲ."

ಅವನ ಕುತ್ತಿಗೆಯ ತನಕ ನಾಚಿಕೆ ಏರಿತು. ವಾರಗಟ್ಟಲೆ ಕೂತು ಬರೆದ ಮುಖ ಎದುರಿಗೇ ಕೂತಿದ್ದಾಗ ಅವನು ನೀರು ಕೇಳಿದ್ದ. "ನಿಮ್ಮ ಹೆಸರೇನಮ್ಮ?" ಎಂದ. ಅವಳು ಹೇಳಿದಳು. ನಾಲ್ಕು ಮನೆಯಲ್ಲಿ ಇಬ್ಬರಿಗಾದರೂ ಇರುವಂಥ ಸಾದಾ ಹೆಸರು. ಅವನು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡ.

"ನಿಮ್ಮ ದೂರು ತಲುಪಿದೆ," ಎಂದ.

"ಏನಾದ್ರೂ ಆಗುತ್ತಾ ಸರ್?"

"ಎರಡನೇ ಸಲ ಅಚ್ಚು ಹಾಕುವಾಗ ನೋಡೋಣಮ್ಮ. ನಾನೇ ಮಾಡೋದು," ಎಂದ ಡಬ್ಬಣ್ಣ. ಈ ಸಲ ಅವನು ಕಾಗೆ ಹಾರಿಸುತ್ತಿರಲಿಲ್ಲ.

ಎರಡನೇ ಅಚ್ಚು ಬೇಗನೆ ಬಂತು. ಪ್ರಶಸ್ತಿ ಬಂದ ಮೇಲೆ ಡಬ್ಬಿಗಳು ಬಿಸಿ ಬಿಸಿಯಾಗಿ ಖರ್ಚಾಗಿದ್ದವು. ಒಂದೇ ಒಂದು ಬದಲಾವಣೆ ಎಂದರು: ದೂರು ಕೇಳಲು ಕಂಪನಿ ಒಂದು ಯಂತ್ರ ಇಟ್ಟಿದೆ, ಮನುಷ್ಯನ ಹೆಸರು ತೆಗೆದು ಅದರ ನಂಬರು ಹಾಕಬೇಕು, ನಂಬರು ಆಮೇಲೆ ಕೊಡುತ್ತೇವೆ. ಡಬ್ಬಣ್ಣ ಡಮ್ಮಿ ಮಾಡಿದ. ದೂರಿನ ಜಾಗದಿಂದ ತನ್ನ ಹೆಸರು ತೆಗೆದ. ಡಮ್ಮಿಯಲ್ಲಿ ಯಾವ ಜಾಗವೂ ಖಾಲಿ ಇರುವಂತಿಲ್ಲ. ಅಲ್ಲಿ ಆ ಹುಡುಗಿಯ ಹೆಸರನ್ನು ಹಾಕಿದ. ಮೇಲೆ ದೂರಿನ ಮಾತು ಅಳಿಸಿ, ಹಾಡಿದವರು ಎಂದು ಬರೆದ. ಹೋದ ಸಲ ಒಂದು ಚುಕ್ಕೆಯನ್ನೂ ಮುಟ್ಟದೆ ಒಪ್ಪಿಕೊಂಡವರು ಈ ಸಲವೂ ಮುಟ್ಟುವುದಿಲ್ಲ ಎಂದು ಅವನ ಲೆಕ್ಕ.

ಆದರೆ ಪ್ರಶಸ್ತಿ ಬಂದವರು ಮುಟ್ಟುತ್ತಾರೆ. ಕಪ್ಪುಕನ್ನಡಕ ಪ್ರೆಸ್ಸಿಗೇ ಬಂದ, ಯಜಮಾನರ ಕೋಣೆಯಲ್ಲಿ ಕೂತು ಡಬ್ಬಿಯ ಹಿಂಬದಿಯಲ್ಲಿ ಬೆರಳಿಟ್ಟ.

"ಹಾಡಿದವರು... ಯಾರ ಹೆಸರಿದು?"

ಯಜಮಾನರು ಡಬ್ಬಣ್ಣನನ್ನು ನೋಡಿದರು. ಅವರ ನೋಟದಲ್ಲಿ ಅವನ ಕೆಲಸ, ಮನೆ ಬಾಡಿಗೆ, ಮುಂದಿನ ದಿನಗಳು ಎಲ್ಲವೂ ಇದ್ದವು. ಹೊರಗೆ ರಟ್ಟು ಕತ್ತರಿಸುವ ಯಂತ್ರ ಧಡಧಡ ಸದ್ದು ಮಾಡುತ್ತಿತ್ತು.

"ಯಾರದೂ ಅಲ್ಲ ಸರ್," ಎಂದ ಡಬ್ಬಣ್ಣ. "ಜಾಗ ಖಾಲಿ ಇರ್ಬಾರದಲ್ಲ ಅಂತ ಸುಮ್ನೆ ಒಂದು ಹಾಕಿದ್ದೆ."

"ಸಪ್ಪೆ ಹೆಸರು," ಎಂದ ಕಪ್ಪುಕನ್ನಡಕ. "ತೆಗೀರಿ."

ಡಬ್ಬಣ್ಣ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಅವರ ಎದುರಿಗೇ ಹೆಸರಿನ ಮೇಲೆ ಗೆರೆ ಎಳೆದ.

ಹೊಸ ಡಬ್ಬಿಗಳು ಅಂಗಡಿಗೆ ಹೋದ ಮೇಲೆ ಮನೆಯ ಫೋನು ಸತ್ತಂತೆ ಬಿದ್ದುಕೊಂಡಿತು. "ಕೆಟ್ಟುಹೋಯ್ತಾ?" ಎಂದು ಹೆಂಡತಿ ಆಗಾಗ ಅದನ್ನು ಎತ್ತಿ ನೋಡುತ್ತಿದ್ದಳು. ಅವಳಿಗೂ ಬೇಜಾರಾಗಿರಬೇಕು. ಭಾವಮೈದ ಬಂದರೂ ಶೋಕೇಸಿನ ಹತ್ತಿರ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಡಬ್ಬಣ್ಣ ಹೊಸ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಹಿಂಬದಿಯಲ್ಲಿದ್ದ ನಂಬರನ್ನು ಒತ್ತಿದ. ಯಂತ್ರ ಮಾತಾಡಿತು. ಬಹಳ ಮೃದುವಾದ ದನಿ. ನಿಮ್ಮ ದೂರು ನಮಗೆ ಅಮೂಲ್ಯ, ದಯವಿಟ್ಟು ಮೊದಲು ನಿಮ್ಮ ಹೆಸರು ಹೇಳಿ, ಎಂದಿತು.

ಡಬ್ಬಣ್ಣ ಆ ಹುಡುಗಿಯ ಹೆಸರು ಹೇಳಿದ.

ಕ್ಷಮಿಸಿ, ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ, ಎಂದಿತು ಯಂತ್ರ.

ಅವನು ಇನ್ನೊಮ್ಮೆ ಹೇಳಿದ. ಯಂತ್ರ ಮತ್ತೆ ಕೇಳಿತು. ಒಳಗೆ ಹೊಲಿಗೆ ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಗೋಡೆಯ ಆಚೆ ಗುಮಾಸ್ತರು ಕೆಮ್ಮಿದರು. ಡಬ್ಬಣ್ಣ ಎದ್ದು ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಇಡೀ ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅದೇ ಹೆಸರನ್ನು ಮತ್ತೆ ಹೇಳಿದ.